ಗೇಟಿನ ಹೊರಗೆ ಕೂತ ಸಾಕ್ಷಿ

ಹಿರಿಯೂರು
೧೨ ನವೆಂಬರ್ ೧೯೭೪

ಶರೀಫಾ,

ಬೆಳಿಗ್ಗೆ ಎಂಟರ ಸೈರನ್ ಕೂಗಿ ಎಚ್ಚರವಾಯಿತು. ಎಚ್ಚರವಾಯಿತು ಅನ್ನುವುದೂ ಸುಳ್ಳು. ರಾತ್ರಿಯೆಲ್ಲ ಕಣ್ಣು ಮುಚ್ಚದೆ, ಮಗಳಿಗೆ ಹಾಲೂಡಿಸುತ್ತ ಗೋಡೆಗೆ ಒರಗಿದವಳು ಹತ್ತು ನಿಮಿಷ ತೂಕಡಿಸಿದ್ದೆ, ಅಷ್ಟೇ. ಕಂಬಳಿ ಕಾರ್ಖಾನೆಯ ಆ ಸೈರನ್ ಈಗ ನಮ್ಮ ಮನೆಗಲ್ಲ. ಆದರೂ ಅದು ಕೂಗಿದೊಡನೆ ನಮ್ಮೆಜಮಾನರು ಚಪ್ಪಲಿ ಮೆಟ್ಟುತ್ತಾರೆ, ಮತ್ತೆ ಬಿಡುತ್ತಾರೆ, ಜಗಲಿಯಲ್ಲಿ ಕೂರುತ್ತಾರೆ. ಒಂಬತ್ತು ವರ್ಷ ಉಣ್ಣೆ ತೂಗಿದ ಗುಮಾಸ್ತ ಪಾಪಣ್ಣ ಇವತ್ತು ಊರ ಬಾಯಲ್ಲಿ ಉಣ್ಣೆ ಕಳ್ಳ.

ಉಗ್ರಾಣದಲ್ಲಿ ಇಪ್ಪತ್ತು ಕಿಲೋ ಕಡಿಮೆ ಬಂತು, ಇದೇ ಆಪಾದನೆ. ಕುರಿಯನ್ನು ಹೊಳೆಯಲ್ಲಿ ತೊಳೆದು, ಮರುದಿನವೇ ಉಣ್ಣೆ ಕತ್ತರಿಸಿದ್ದರು. ಇನ್ನೂ ತೇವವಿದ್ದ ಅದನ್ನು ಕಾರ್ಖಾನೆಯವರು ತೂಗಿ ತೆಗೆದುಕೊಂಡರು. ಎಂಟು ದಿನ ಒಣಗಿದ ಮೇಲೆ ಮತ್ತೆ ತೂಗಿದರು. ಕಳ್ಳತನವಾಗಿದ್ದರೆ ಅದನ್ನು ಮಾಡಿದ್ದು ಬಿಸಿಲು! ಆ ಉಣ್ಣೆ ಮಾರಿದ ಆದಿವಾಲದ ಕುರುಬರ ಕರಿಸಿದ್ದಪ್ಪ ಇದನ್ನು ಹೇಳಲೆಂದೇ ವಿಚಾರಣೆಯ ದಿನ ಕಾರ್ಖಾನೆಗೆ ಬಂದರು. ಕಾವಲುಗಾರ ಒಳಗೆ ಬಿಡಲಿಲ್ಲ. ಗೇಟಿನ ಹೊರಗೇ ಕೂತು ಒಳಗೆ ಕೇಳುವಂತೆ ಕೂಗಿದರಂತೆ, "ಯಾಕ್ರಿ ಸ್ವಾಮಿ, ನಿಮ್ ಪಂಚೆ ಒಗೆದಾಗೆಷ್ಟು ತೂಕ ಐತೆ, ಒಣಗಿದ ಮ್ಯಾಲೆ ಎಷ್ಟೈತೆ, ಒಂದ್ಸಲ ತೂಗಿ ನೋಡ್ರಿ!" ಸಂಜೆಯವರೆಗೂ ಯಾರೂ ಕರೆಯಲಿಲ್ಲ.

ಒಳಗೆ ನಡೆದದ್ದು ನಿನಗೇ ಗೊತ್ತು. ಶೀಘ್ರಲಿಪಿಯಲ್ಲಿ ಬರೆದುಕೊಂಡವಳು ನೀನೇ. ಆಪಾದನೆಗೆ ಸಹಿ ಹಾಕಿದವನು ಮ್ಯಾನೇಜರ್, ವಿಚಾರಣೆಯ ಕುರ್ಚಿಯಲ್ಲಿ ಕೂತವನೂ ಅದೇ ಮ್ಯಾನೇಜರ್. ತೂಕದ ಪುಸ್ತಕ ತೋರಿಸಿ ಎಂದರೆ "ನಿಂಗ್ಯಾಕಯ್ಯ ಅದು?" ಅಂದ. ನನ್ನ ಸಾಕ್ಷಿ ಗೇಟಿನಲ್ಲಿದ್ದಾನೆ, ಕರೆಸಿ ಎಂದು ಇವರು ಕೇಳಿದರು. ಆದರೆ ಟೈಪಾಗಿ ಬಂದ ವರದಿಯಲ್ಲಿ ಏನಿತ್ತು? "ತನಗೆ ಸಾಕ್ಷಿಗಳಿಲ್ಲವೆಂದು ಆರೋಪಿಯೇ ತಿಳಿಸಿರುತ್ತಾನೆ." ಹೇಳದ ಮಾತನ್ನು ಒಬ್ಬ ಮನುಷ್ಯನ ಬಾಯಿಗೆ ತುರುಕಿ ಅವನ ಅನ್ನ ಕಿತ್ತುಕೊಳ್ಳುವುದಕ್ಕೆ ವಿಚಾರಣೆ ಅಂತ ಹೆಸರೇ? ಆಗ ನಾನು ಆರು ತಿಂಗಳ ಬಸುರಿ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದು ನೀನು ಅತ್ತೆ. "ಅವ್ರು ಹೇಳಿದ್ದನ್ನ ಟೈಪ್ ಮಾಡ್ದೆ ಕಣೇ. ಆದ್ರೆ ನಿಮ್ಮನೇರು ಮೂರು ಸಲ ಸಾಕ್ಷಿ ಕೇಳಿದ್ರು. ನನ್ ನೋಟ್‌ಬುಕ್ಕಲ್ಲಿ ಮೂರು ಸಲಾನೂ ಐತೆ."

ಯೂನಿಯನ್ನಿನವರು ಹೋರಾಡಿ ಈ ವಿಷಯವನ್ನು ಚಿತ್ರದುರ್ಗದಲ್ಲಿ ಮಧ್ಯಸ್ಥರ ಮುಂದೆ ಇಟ್ಟಿದ್ದಾರೆ. ಹೋದ ವಾರ ಮಗಳನ್ನು ಎತ್ತಿಕೊಂಡು ನಾನೂ ಹೋಗಿದ್ದೆ. ವಿಚಾರಣೆ ಸರಿಯಾಗಿ ನಡೆದಿದೆಯೆಂದು ಕಾಗದವೇ ಹೇಳುವಾಗ ಈಗ ಕುರುಬನ ಮಾತು ಏಕೆ ಕೇಳಬೇಕು ಎಂದು ಕಾರ್ಖಾನೆಯ ವಕೀಲ ವಾದಿಸಿದ. ತಡೆಯಲಾರದೆ ನಾನು ಎದ್ದು ನಿಂತೆ. ಇವರು ಮೂರು ಸಲ ಕೇಳಿದ್ದರು ಅಂದೆ. ವಕೀಲ ನಕ್ಕ. "ಹೆಂಡ್ತಿ ಮಾತೇ ಸಾಕ್ಷಿಯಾದ್ರೆ ಜೈಲಿಗೆಲ್ಲ ಬೀಗ ಹಾಕ್ಬೇಕಾಗ್ತದಮ್ಮ!" ಮೈಯೆಲ್ಲ ಉರಿದುಹೋಯಿತು. ಮಧ್ಯಸ್ಥರು ನಗಲಿಲ್ಲ. ಮೂಲ ಟಿಪ್ಪಣಿ ಎಲ್ಲಿ ಎಂದು ಕೇಳಿದರು. ಹಾಳಾಗಿದೆ ಅಂದ ವಕೀಲ. ಹಾಗಾದರೆ ಬರೆದವರನ್ನು ಕರೆತನ್ನಿ ಎಂದು ನಮಗೆ ಒಂದೇ ಒಂದು ತಾರೀಖು ಕೊಟ್ಟರು. ಅದು ನಾಳೆ, ಹನ್ನೊಂದು ಗಂಟೆಗೆ.

ಹಾಳಾಗಿಲ್ಲ, ನನಗೆ ಗೊತ್ತು. ಒಂದು ನೋಟ್‌ಬುಕ್ಕನ್ನೂ ಎಸೆಯದವಳು ನೀನು. ಹೊಸದುರ್ಗಕ್ಕೆ ಹೊರಟ ನಿನ್ನ ಮದುವೆ ಟ್ರಂಕಿನಲ್ಲಿ ಸೀರೆಗಿಂತ ಅವೇ ಜಾಸ್ತಿ ಎಂದು ನಾನೇ ಹಂಗಿಸಿದ್ದೆ. ಟೈಪಿಂಗ್ ಸ್ಕೂಲಿನಲ್ಲಿ ನಿನ್ನ ಪಕ್ಕ ಕೂತು ಕಲಿತರೂ ನಿನ್ನ ಗೆರೆಗಳು ನನಗೆ ಓದಲು ಬರುವುದಿಲ್ಲ. ನೀನೇ ಬಂದು ಓದಬೇಕು.

ಎರಡು ಕಾಗದ ಬರೆದೆ, ಉತ್ತರವಿಲ್ಲ. ನಿನ್ನ ತಮ್ಮ ಹಜರತ್ ಅಲಿ ಅದೇ ಕಾರ್ಖಾನೆಯ ಮಗ್ಗದಲ್ಲಿದ್ದಾನೆ. ನಿನ್ನ ಭಯ ನನಗೆ ಅರ್ಥವಾಗದ್ದೇನಲ್ಲ. ಆದರೂ ನಿನ್ನನ್ನು ಬಯ್ಯಲು ನೂರು ಮಾತು ಕೂಡಿಟ್ಟಿದ್ದೇನೆ ಶರೀಫಾ. ನಾಲ್ಕು ಸಲ ಬರೆದು ಹರಿದೆ. ನಿನ್ನನ್ನು ಒಂದು ಮಾತೂ ಕೇಳದೆ ನಿನ್ನ ಮೇಲೆ ತೀರ್ಪು ಬರೆದರೆ ನನಗೂ ಆ ಮ್ಯಾನೇಜರಿಗೂ ಏನು ವ್ಯತ್ಯಾಸ?

ಈ ಕಾಗದ ತಂದು ನಿನ್ನ ಬಾಗಿಲಲ್ಲಿ ನಿಂತಿರುವವರೇ ಕರಿಸಿದ್ದಪ್ಪ. ಅಂಚೆಯನ್ನು ನಂಬದೆ ಹತ್ತು ಗಂಟೆಯ ಬಸ್ಸಿಗೆ ಅವರನ್ನೇ ಕಳಿಸುತ್ತಿದ್ದೇನೆ. ನೀನಾದರೂ ಅವರನ್ನು ಒಳಗೆ ಕರೆದು ಕೂರಿಸು. ಆಮೇಲೆ ಟ್ರಂಕ್ ಕಾಲ್ ಮಾಡು. ಹಿರಿಯೂರು ನಲವತ್ತಮೂರು, ನಮ್ಮ ಎದುರಿನ ಕಾಫಿಪುಡಿ ಅಂಗಡಿ. ಅಂಗಡಿಯ ಚಿಕ್ಕತಿಮ್ಮಪ್ಪನವರು "ಎಷ್ಟೊತ್ತಾದ್ರೂ ಕೂಗ್ತೀನಿ ತಾಯಿ" ಅಂದಿದ್ದಾರೆ. ಬರುತ್ತೇನೆ ಅಂದರೆ ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಆಗುವುದಿಲ್ಲ ಅಂದರೆ ಅದನ್ನೂ ನಿನ್ನ ಬಾಯಿಂದಲೇ ಕೇಳುತ್ತೇನೆ. ಸುಮ್ಮನೆ ಮಾತ್ರ ಇರಬೇಡ. ಬೆಳಗಾಗುವುದರೊಳಗೆ ಫೋನ್ ಮಾಡು ಕಣೇ, ನಿನಗೆ ಕೈ ಮುಗಿಯುತ್ತೇನೆ.

ನಿನ್ನ ತಮ್ಮನ ಕೆಲಸದ ಮೇಲೆ ಯಾರ ಕಣ್ಣೂ ಬೀಳದಿರಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ ದನಿಗಾಗಿ ಕಾಯುತ್ತಿರುವ,
ಏಕನಾಥಮ್ಮ