ಬಾಗಿಲ ರಬ್ಬರಿನ ಎರಡು ಹೊಲಿಗೆ

ಮೇ 19, 2025. ಸೋಮವಾರ
ಬೆಳಿಗ್ಗೆ 8

ಮಗಳು ಆಲಿಯಾ ಹೊರಟಳು. ಕಾರಿನ ಚಾರ್ಜ್ ನೂರಕ್ಕೆ 82. ಹರಿಹರಕ್ಕೆ ಹೋಗಿ ಬರಲು ಧಾರಾಳ. ಹೋಗುವಾಗ ಮತ್ತೆ ಅದೇ ದೂರು — "ಅಬ್ಬಾ, ಎಡಗಡೆ ಹಿಂದಿನ ಬಾಗಿಲು ಸೀಟಿ ಹೊಡಿತೈತೆ. ಸ್ಪೀಡ್ ಅರವತ್ತು ದಾಟಿದ್ರೆ ಸಾಕು, ಕುಕ್ಕರ್ ಇಟ್ಟಂಗೆ." ನೋಡೋಣ ಅಂದೆ. ಹೋದ ವಾರವೂ ಹಾಗೇ ಅಂದಿದ್ದೆ.

ಡೀಸೆಲ್ ಗಾಡಿಯಾಗಿದ್ದರೆ ಎಂಜಿನ್ ಸದ್ದಿನಲ್ಲಿ ಎಲ್ಲಾ ಮುಚ್ಚಿಹೋಗುತ್ತಿತ್ತು. ಈ ಎಲೆಕ್ಟ್ರಿಕ್ ಕಾರು ಬೆಕ್ಕಿನ ಹಾಗೆ ನಡೆಯುತ್ತೆ. ಒಳಗೆ ಸೊಳ್ಳೆ ಹಾರಿದರೂ ಕೇಳುತ್ತೆ. ಬಾಗಿಲ ರಬ್ಬರ್ ಎಲ್ಲೋ ಬಿಟ್ಟುಕೊಂಡಿದೆ, ಅಲ್ಲಿಂದ ಗಾಳಿ. ಮೂವತ್ತೆರಡು ವರ್ಷದಿಂದ ಲಾರಿ, ಟ್ರ್ಯಾಕ್ಟರ್, ಟೆಂಪೊ ಎಲ್ಲದರ ಬಾಗಿಲಿಗೂ ರಬ್ಬರ್ ಹಾಕಿದವನಿಗೆ ಮಗಳ ಗಾಡಿ ನೋಡಲು ಪುರುಸೊತ್ತಿಲ್ಲ. ನಮ್ಮ ನಿಟ್ಟುವಳ್ಳಿ ಬೀದಿಗೆ ಗೊತ್ತಾದರೆ ಬಾಯಿತುಂಬಾ ನಗುತ್ತಾರೆ.

ನಿನ್ನೆ ಹಮ್ಜಾನಿಗೆ ಹೇಳಿದ್ದೆ, ನೀನಾದರೂ ನೋಡೋ ಅಂತ. ತಮ್ಮ. ನನಗಿಂತ ಹದಿಮೂರು ವರ್ಷ ಚಿಕ್ಕವನು. ನಮ್ಮ ರಬ್ಬರ್ ಅಂಗಡಿಯಲ್ಲಿ ಅರ್ಧ ಪಾಲು, ಕೆಲಸದಲ್ಲಿ ಮುಕ್ಕಾಲು. "ಆಮ್ಯಾಕೆ ನೋಡೋಣ ಭಯ್ಯಾ, ಲೋಕಿಕೆರೆ ಟ್ರ್ಯಾಕ್ಟರ್ ಬರ್ತೈತೆ" ಅಂದ. ಟ್ರ್ಯಾಕ್ಟರ್ ಬಂದದ್ದು ಸಂಜೆ.

ಮೇ 23, ಶುಕ್ರವಾರ

ಅಂಗಡಿ ರಜ. ಕೊನೆಗೂ ಬಾಗಿಲು ನೋಡಿದೆ. ರಬ್ಬರ್ ಒತ್ತಿದರೆ ಬೆರಳಿಗೆ ಕಾಡಿಗೆಯ ಹಾಗೆ ಅಂಟುತ್ತೆ. ಕೆಳಗಿನ ಮೂಲೆಯಲ್ಲಿ ಬಿರುಕು. ಆಲಿಯಾಳ ಬಿಳಿ ಕೋಟಿನ ತೋಳಿಗೂ ಅದೇ ಕಪ್ಪು. ಲ್ಯಾಬಿನಲ್ಲಿ ಕೆಲಸ ಮಾಡುವವಳು, ದಿನಾ ಕೋಟು ಒಗೆಯಬೇಕು. ಹೆಂಡತಿ ಜೈನಾಬಿ ಸೋಪು ತಿಕ್ಕುತ್ತಾ ನನ್ನನ್ನೂ ತಿಕ್ಕಿದಳು.

ನಾಲ್ಕು ವರ್ಷದ ಗಾಡಿ. ಇಷ್ಟು ಬೇಗ ಹೀಗಾಗಬಾರದು.

ರೇವಣ್ಣನಿಗೆ ಫೋನ್ ಮಾಡಿದೆ. ಹೈಸ್ಕೂಲಿನಲ್ಲಿ ಒಂದೇ ಬೆಂಚು ನಾವು. ಹರಿಹರದಲ್ಲಿದ್ದಾನೆ. ಈ ಗಾಡಿ ಅವನದೇ — ಹೋದ ನವೆಂಬರಿನಲ್ಲಿ ನಮಗೆ ಮಾರಿದ. "ಬ್ಯಾರೆಯೋರು ಕೇಳ್ತಾವರೆ, ನಾ ಕೊಡಲ್ಲ. ಆಲಿಯಾ ನನ್ನ ಮಗಳಿದ್ದಂಗೆ" ಅಂದಿದ್ದ. ಇವತ್ತು ರಬ್ಬರ್ ವಿಷಯ ಹೇಳಿದರೆ ನಕ್ಕ. "ಬಿಸಿಲು ಗೌಸೂ, ಬಿಸಿಲು! ಈ ಬಿಸಿಲಿಗೆ ಮನುಷ್ಯನೇ ಕರಗ್ತಾನೆ, ರಬ್ಬರ್ ಯಾವ ಲೆಕ್ಕ?"

ಹಮ್ಜಾನನ್ನು ಕೇಳಿದೆ. ಅವನೂ ಬಿಸಿಲು ಅಂದ. ಸರಿ, ಬಿಸಿಲು. ಮಳೆಗಾಲದ ಮೊದಲು ಬದಲಾಯಿಸಬೇಕು. ಸದ್ಯಕ್ಕೆ ಟೇಪು ಹಚ್ಚಿದ್ದೇನೆ.

ಜೂನ್ 11, ಬುಧವಾರ
ಸಂಜೆ 7

ಬಕ್ರೀದ್ ಗಡಿಬಿಡಿಯಲ್ಲಿ ಡೈರಿ ಮುಟ್ಟಿರಲಿಲ್ಲ. ರಬ್ಬರ್ ಕೂಡ ಮುಟ್ಟಿರಲಿಲ್ಲ.

ಈಗಷ್ಟೇ ಮನೆಗೆ ಬಂದೆ. ಒದ್ದೆ ಬಟ್ಟೆಯಲ್ಲೇ ಬರೆಯುತ್ತಿದ್ದೇನೆ.

ಮಧ್ಯಾಹ್ನದಿಂದ ಜೋರು ಮಳೆ. ಐದು ಗಂಟೆಗೆ ಆಲಿಯಾ ಫೋನ್. ದೊಡ್ಡಬಾತಿ ಹತ್ತಿರ ಗಾಡಿ ನಿಂತುಬಿಟ್ಟಿದೆ. ರೋಡಿನ ನಟ್ಟನಡುವೆ. ಸ್ಕ್ರೀನಿನಲ್ಲಿ ಹಳದಿ ದೀಪ ಬಂತಂತೆ, ಆಮೇಲೆ ಎಲ್ಲಾ ಕಪ್ಪು. ಇಂಡಿಕೇಟರ್ ಇಲ್ಲ, ಲೈಟಿಲ್ಲ. ಹಿಂದೆ ಬರುತ್ತಿದ್ದ ಲಾರಿ ಬ್ರೇಕ್ ಹಾಕಿ ಒಂದು ಮಾರು ದೂರದಲ್ಲಿ ನಿಂತಿದೆ.

ಒಂದು ಮಾರು.

ಆಟೊದಲ್ಲಿ ಹೋದೆ. ರೋಡಿನ ಬದಿ ಅಂಗಡಿಯಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ. ಅಳದೇ ಇದ್ದದ್ದನ್ನು ನೋಡಿ ನನಗೇ ಅಳು ಬಂತು. ಹಿಂದಿನ ಸೀಟಿನ ಕೆಳಗೆ ಕಾರ್ಪೆಟ್ ಒತ್ತಿದರೆ ಪಚಪಚ. ಎಡ ಬಾಗಿಲಿನ ರಬ್ಬರ್ ದಾಟಿ ನೀರು ಇಳಿದಿದೆ. ನನ್ನ ಟೇಪು ತೇಲುತ್ತಿತ್ತು.

ತಪ್ಪು ನನ್ನದು. ಪೂರ್ತಿ ನನ್ನದು. ಜೈನಾಬಿ ಹೇಳಿದ್ದನ್ನು ಬರೆಯುವುದಿಲ್ಲ. ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ.

ಜೂನ್ 12, ಗುರುವಾರ
ಬೆಳಿಗ್ಗೆ 11.30

ದೇವರಾಜ ಅರಸು ಬಡಾವಣೆ, ಪರಶುರಾಮ್ ಶೆಡ್ಡು. ಎಲೆಕ್ಟ್ರಿಕ್ ಗಾಡಿ ರಿಪೇರಿಗೆ ಇವನೇ. ಅವನ ಸ್ಟೂಲ್ ಮೇಲೆ ಕೂತೇ ಬರೆಯುತ್ತಿದ್ದೇನೆ.

ಸೀಟು ಬಿಚ್ಚಿ ಕಾರ್ಪೆಟ್ ಎತ್ತಿದ. ಟಾರ್ಚ್ ಹಿಡಿದು ಮೂಲೆ ಮೂಲೆ ನೋಡಿದ. ಆಮೇಲೆ ಕರೆದ. "ಗೌಸಣ್ಣ, ಬರ್ರಿ ಇಲ್ಲಿ. ಇದು ನಿನ್ನೆ ಮಳೆ ಅಲ್ಲ." ಕಾರ್ಪೆಟ್ಟಿನ ಕೆಳಗೆ ನುಣ್ಣನೆ ಮಣ್ಣು. ಬೆರಳಲ್ಲಿ ತಿಕ್ಕಿದರೆ ಪೌಡರಿನ ಹಾಗೆ. ತಂತಿಗಳ ಜಾಯಿಂಟೆಲ್ಲಾ ಹಸಿರು ಕಿಲುಬು. ಒಳಗಿನ ತಗಡಿನ ಮೇಲೆ ಒಂದು ಗೆರೆ — ನೀರು ನಿಂತು ಇಳಿದ ಗೆರೆ.

"ಹೊಳೆ ಮಣ್ಣು ಇದು. ಈ ಗಾಡಿ ನೀರಾಗೆ ನಿಂತಿತ್ತು. ತೊಳೆದಾರೆ, ಮ್ಯಾಲೆ ಹೊಸದು ಹಾಸ್ಯಾರೆ. ನೀವು ನೋಡ್ಲಿಲ್ವಾ ತಗಳಾವಾಗ?"

ನಾನು ಏನು ನೋಡಲಿ? ಗೆಳೆಯ ಕೊಟ್ಟ ಗಾಡಿ. ಬಾಗಿಲು ಹಾಕಿದರೆ ಧಪ್ ಅನ್ನುವ ಸದ್ದು ಚೆನ್ನಾಗಿತ್ತು. ಅದನ್ನೇ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ರೇವಣ್ಣ. ಹೋದ ಮಳೆಗಾಲದಲ್ಲಿ ಹೊಳೆ ನೀರು ದಂಡೆಯ ಮೇಲಿನ ಅವನ ಶೆಡ್ಡಿಗೆ ನುಗ್ಗಿತ್ತು. ಮೋಟಾರು ಹೋಯಿತು, ಸಿಮೆಂಟು ಮೂಟೆ ಹೋಯಿತು ಅಂತ ಅತ್ತಿದ್ದ. ಗಾಡಿಯೂ ಅಲ್ಲೇ ಇತ್ತು ಅಂತ ಹೇಳಲಿಲ್ಲ. ಲಫಂಗ.

ಸಂಜೆ 4

ಮೇಲೆ ಬರೆದದ್ದು ಸಣ್ಣ ಮಾತಾಯಿತು.

ಊಟ ಮಾಡಿ ಬಂದು, ಕೋಪಕ್ಕೆ ಕೈಗೆ ಏನಾದರೂ ಕೆಲಸ ಬೇಕಿತ್ತು, ಎಡ ಹಿಂದಿನ ಬಾಗಿಲಿನ ರಬ್ಬರ್ ಕಿತ್ತೆ. ಕೈಗೆ ಬಂದಾಗಲೇ ಗೊತ್ತಾಯಿತು, ಇದು ಕಂಪನಿಯ ಮಾಲಲ್ಲ. ಮೀಟರ್ ಲೆಕ್ಕದಲ್ಲಿ ಟ್ರ್ಯಾಕ್ಟರ್ ಕ್ಯಾಬಿನ್ನಿಗೆ ಮಾರುವ ಸ್ಪಂಜು ರಬ್ಬರ್. ನಮ್ಮ ಅಂಗಡಿಯದು. ಒಂದು ಬೇಸಿಗೆಗಿಂತ ಹೆಚ್ಚು ತಡೆಯಲ್ಲ ಅಂತ ನಾನೇ ಹೇಳಿ ಮಾರುತ್ತೇನೆ.

ಮೇಲಿನ ಮೂಲೆಯಲ್ಲಿ ಜೋಡಣೆ. ಎರಡು ತುದಿಯನ್ನೂ ಓರೆಯಾಗಿ ಕತ್ತರಿಸಿ, ಮೇಣ ಹಚ್ಚಿದ ದಾರದಲ್ಲಿ ಎರಡು ಹೊಲಿಗೆ, ಆಮೇಲೆ ಗಮ್ಮು.

ನಮ್ಮ ಅಪ್ಪ, ಅಬ್ಬಾ, ತಾಡಪಾಲು ಹೊಲಿಯುತ್ತಿದ್ದವರು. ಬರೀ ಗಮ್ಮನ್ನು ನಂಬುತ್ತಿರಲಿಲ್ಲ. ಎರಡು ಹೊಲಿಗೆ ಬೀಳಲೇಬೇಕು. ಈ ಊರಲ್ಲಿ ಬೇರೆ ಯಾರೂ ಹೀಗೆ ಮಾಡುವುದಿಲ್ಲ. ಪುರುಸೊತ್ತಿಲ್ಲ ಅವರಿಗೆ. ಮಾಡುವವರು ಇಬ್ಬರೇ. ಒಬ್ಬ ನಾನು. ನಾನು ಮಾಡಿಲ್ಲ.

ಹಮ್ಜಾ.

ಪರಶುರಾಮ್ ಟೀ ತಂದುಕೊಟ್ಟ. ಏನಾಯ್ತಣ್ಣ ಅಂದ. ಬಿಸಿಲು ಅಂದೆ.

ಜೂನ್ 13, ಶುಕ್ರವಾರ
ಮಧ್ಯಾಹ್ನ 3

ನಮಾಜಿನಲ್ಲಿ ಹಮ್ಜಾ ಪಕ್ಕದಲ್ಲೇ ನಿಂತಿದ್ದ. ಹೆಗಲಿಗೆ ಹೆಗಲು. ಸಲಾಂ ಹೇಳುವಾಗ ಬಲಕ್ಕೆ ತಿರುಗಿದರೆ ಅವನ ಮುಖ. ಅದೇ ಮುಖ. ಏನೂ ಬದಲಾಗಿಲ್ಲ. ಇಂಥದ್ದು ಮಾಡಿದರೆ ಮುಖದಲ್ಲಿ ಏನಾದರೂ ಕಾಣಬೇಕಲ್ಲ ಅಂತ ನೋಡಿದೆ.

ಅಬ್ಬಾ ಹೋದಾಗ ಇವನಿಗೆ ಒಂಬತ್ತು. ಸೂಜಿಗೆ ದಾರ ಪೋಣಿಸಲು ಕಲಿಸಿದ್ದು ನಾನು. ಮದುವೆ ಮಾಡಿದ್ದು ನಾನು.

ಇನ್ನೂ ಕೇಳಿಲ್ಲ. ಯಾಕೆ ಅಂದರೆ — ಕೇಳಿದರೆ ಹೌದು ಅಂದುಬಿಟ್ಟರೆ?

ಊಟಕ್ಕೆ ಕೂತಾಗ ಆಲಿಯಾ ತಾನಾಗಿಯೇ ಅಂದಳು. "ಹಮ್ಜಾ ಚಾಚಾ ಮೊದಲೇ ಹೇಳಿದ್ರಬ್ಬಾ. ಮಳೆಗಾಲದಾಗೆ ಗಾಡಿ ಬ್ಯಾಡ, ಬಸ್ಸಿಗೆ ಹೋಗು ಅಂತ. ನೀರು ನಿಂತಿರೋ ಕಡೆ ಇಳಿಸಲೇಬ್ಯಾಡ ಅಂತ. ಎಲ್ಲರೂ ಹೇಳೋ ಮಾತು ಅಂದ್ಕಂಡು ಸುಮ್ಮನಾದೆ."

ತಟ್ಟೆ ಬಿಟ್ಟು ಎದ್ದೆ. ಗೊತ್ತಿತ್ತು ಅವನಿಗೆ. ಏನಾಗಬಹುದು ಅಂತಲೂ ಗೊತ್ತಿತ್ತು. ನನ್ನ ಮಗಳಿಗೆ ಅರ್ಧ ಮಾತು ಹೇಳಿ ತಾನು ನೆಮ್ಮದಿಯಾಗಿದ್ದ. ಇನ್ನರ್ಧ ಹೇಳಿದ್ದರೆ ಆ ಲಾರಿಯ ಮುಂದೆ ಅವಳು ನಿಲ್ಲುತ್ತಿರಲಿಲ್ಲ.

ಜೂನ್ 15, ಭಾನುವಾರ
ಸಂಜೆ 5, ಹರಿಹರದಿಂದ ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿದೆ. ಕುಣಿಯಲಿ.

ರೇವಣ್ಣನ ಮನೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಟೀ. ಮುಟ್ಟಲಿಲ್ಲ. ಕೇಳಿದೆ. ಅಲ್ಲಗಳೆಯಲಿಲ್ಲ, ಅದೇ ದೊಡ್ಡ ಆಶ್ಚರ್ಯ.

"ನೀರು ಬಂದಿದ್ದು ಹೌದಪ್ಪಾ. ಸೀಟಿನ ಮಟ್ಟ. ಒಂದು ದಿನ. ತೊಳೆಸಿದೆ, ಒಣಗಿಸಿದೆ, ಓಡ್ತು. ರಬ್ಬರ್ ಹೋಗಿದ್ವು, ನಿಮ್ಮ ಹಮ್ಜಾನೇ ಬಂದು ಹಾಕಿದ. ಅವನಿಗೆ ಎಲ್ಲಾ ಹೇಳಿದ್ದೆ. ಮನೆಯೋನೇ ಸುಮ್ಮನಿದ್ದಾನೆ ಅಂದ್ರೆ ನಿಂಗೂ ಗೊತ್ತು, ಒಪ್ಪಿದ್ದೀಯ ಅಂದ್ಕಂಡೆ."

"ಆಲಿಯಾ ನಿನ್ನ ಮಗಳಿದ್ದಂಗೆ ಅಂದಿದ್ಯಲ್ಲೋ."

"ಈಗ್ಲೂ ಹಂಗೇ."

ಎದ್ದು ಬಂದೆ. ಗೇಟಿನವರೆಗೆ ಹಿಂದೆಯೇ ಬಂದ. ಅವನ ಮನೆಯ ಪಕ್ಕ ಅವನದೇ ಮಳಿಗೆ ಸಾಲು. ಮೂರನೇ ಶಟರಿನ ಮೇಲೆ ಹೊಸ ಬೋರ್ಡು, ಬಣ್ಣ ಇನ್ನೂ ಹಸಿ. ಕಾರ್ ಡೋರ್ ರಬ್ಬರ್, ಸೀಟ್ ಕವರ್. ಪ್ರೊಪ್ರೈಟರ್ ಹಮ್ಜಾ.

"ನಿನ್ನ ತಮ್ಮ ಹೇಳಿಲ್ವಾ? ಹೋದ ವರ್ಷನೇ ಮಾತಾಗಿತ್ತಲ್ಲ, ಮಳಿಗೆ ಅವನಿಗೇ ಅಂತ" ಅಂದ.

ಹೋದ ವರ್ಷ. ಅಂದರೆ ಎಲ್ಲಾ ಒಂದೇ ಸಲ. ಗಾಡಿಯ ಬಗ್ಗೆ ಬಾಯಿ ಮುಚ್ಚಿಕೊಂಡಿದ್ದಕ್ಕೆ ಮಳಿಗೆ. ಬೇರೆ ಅಂಗಡಿ ಬೇಕು ಅಂತ ನನ್ನನ್ನು ಕೇಳಿದ್ದರೆ ನಾನೇ ಬೋರ್ಡು ಬರೆಸಿಕೊಡುತ್ತಿದ್ದೆ. ಬೈಯುತ್ತಿದ್ದೆ, ಎರಡು ದಿನ ಮಾತು ಬಿಡುತ್ತಿದ್ದೆ. ಮೂರನೇ ದಿನ ಬರೆಸಿಕೊಡುತ್ತಿದ್ದೆ.

ಜೂನ್ 16, ಸೋಮವಾರ

ಕಿತ್ತ ರಬ್ಬರನ್ನು ಅಂಗಡಿಯಲ್ಲಿ ಹಮ್ಜಾನ ಮುಂದೆ ಎಸೆದೆ. ಗಿರಾಕಿಗಳಿದ್ದರು. ಇರಲಿ. ಬಾಯಿಗೆ ಬಂದದ್ದೆಲ್ಲಾ ಅಂದೆ. ಅವನು ರಬ್ಬರ್ ಎತ್ತಿಕೊಂಡ. ಹೊಲಿಗೆ ಇರುವ ಜಾಗ ನೋಡಿದ. ಸುತ್ತಿ ಮೂಲೆಯಲ್ಲಿಟ್ಟ. ಟಿಫನ್ ಕ್ಯಾರಿಯರ್ ತಗೊಂಡು ಹೋದ.

ಜೂನ್ 29, ಭಾನುವಾರ

ಬರೆಯಲು ಏನೂ ಇಲ್ಲ. ಅಂಗಡಿಯಲ್ಲಿ ಒಬ್ಬನೇ. ಉದ್ದದ ರಬ್ಬರ್ ಎಳೆಯುವಾಗ ಇನ್ನೊಂದು ತುದಿ ಹಿಡಿಯಲು ಜನ ಬೇಕು. ಗಿರಾಕಿಯನ್ನೇ ಹಿಡಿಯಿರಿ ಅನ್ನುತ್ತೇನೆ.

ಗಾಡಿ ಪರಶುರಾಮ್ ಶೆಡ್ಡಿನಲ್ಲೇ ಇದೆ. "ಓಡಿಸಬಹುದಣ್ಣ. ಆದ್ರೆ ನಂಬಕ್ಕಾಗಲ್ಲ" ಅಂದ. ಆಲಿಯಾ ಬಸ್ಸಿಗೆ ಹೋಗುತ್ತಿದ್ದಾಳೆ. ಹರಿಹರದಲ್ಲಿ ಚಾಚಾನ ಅಂಗಡಿ ಮುಂದೆಯೇ ಬಸ್ಸು ಹಾಯುತ್ತಂತೆ. ಶಟರ್ ಇನ್ನೂ ತೆಗೆದಿಲ್ಲ ಅಂದಳು. ನಾನು ಕೇಳಿರಲಿಲ್ಲ.

ಎರಡು ಸಲ ತಪ್ಪಿ "ಹಮ್ಜಾ, ಕತ್ತರಿ ಕೊಡೋ" ಅಂದೆ. ಖಾಲಿ ಅಂಗಡಿಗೆ. ನಾಚಿಕೆಯಾಯಿತು. ಸಿಟ್ಟೂ ಬಂತು. ಯಾರ ಮೇಲೆ ಗೊತ್ತಿಲ್ಲ.

ಜುಲೈ 4, ಶುಕ್ರವಾರ
ಮಧ್ಯಾಹ್ನ 3.30

ಹಮ್ಜಾ ಬಂದಿದ್ದ. ಜುಮ್ಮಾ ಮುಗಿಸಿ ನೇರ ಮನೆಗೆ. ಜೈನಾಬಿ ಕೂಡ್ರಿ ಅಂದಳು, ಕೂರಲಿಲ್ಲ. ಸೊರಗಿದ್ದಾನೆ. ಮಹಡಿಯ ಬಾಗಿಲಲ್ಲೇ ನಿಂತು ಹೇಳಿದ.

"ಭಯ್ಯಾ, ಆ ಮಳಿಗೆ ಬ್ಯಾಡ ಅಂದುಬಿಟ್ಟೆ. ಅದು ಹೇಳಕ್ಕೆ ಬಂದಿಲ್ಲ. ಒಂದು ಮಾತೈತೆ. ರಬ್ಬರ್ ಜೋಡಣೆ ಕೆಳಗಡೆ ಹಾಕಬಹುದಿತ್ತು. ಮೆಟ್ಟಿಲ ಪಟ್ಟಿ ಒಳಗೆ ಹೋಗ್ತಿತ್ತು, ಯಾರಿಗೂ ಕಾಣ್ತಿರ್ಲಿಲ್ಲ. ಬೇಕಂತ ಮ್ಯಾಲೆ ಹಾಕ್ದೆ. ಅಬ್ಬಾರ ಹೊಲಿಗೆನೇ ಹಾಕ್ದೆ. ನೀವು ನೋಡ್ತೀರ ಅಂತ."

ನಾನು ಟೋಪಿ ತೆಗೆದು ಗೂಟಕ್ಕೆ ಹಾಕಿದೆ.

"ರೇವಣ್ಣಾರಿಗೆ ಮಾತು ಕೊಟ್ಟಿದ್ದೆ. ಬಾಯಿ ಬರ್ಲಿಲ್ಲ. ಗಾಡಿ ತರಾಕೆ ಹೋದ ದಿನ ನಾನೂ ಇದ್ದೆನಲ್ಲ. ನೀವು ಆ ಬಾಗಿಲು ತೆಗೆದ್ರಿ. ರಬ್ಬರ್ ಮ್ಯಾಲೆ ಕೈ ಆಡಿಸ್ಕಂಡು ಹೋದ್ರಿ. ಈಗ ಕೇಳ್ತಾರೆ, ಈಗ ಕೇಳ್ತಾರೆ ಅಂತ ಉಸಿರು ಬಿಗಿ ಹಿಡಿದು ನಿಂತಿದ್ದೆ. ನೀವು ಬಾಗಿಲು ಹಾಕಿ ಆಲಿಯಾ ಕೈಗೆ ಕೀ ಕೊಟ್ರಿ."

"ಸೂಜಿ ದಾರದಾಗೆ ಹೇಳ್ತೀಯೇನೋ ಇಂಥ ಮಾತು? ನಾಲಗೆ ಇರ್ಲಿಲ್ವಾ?" ಕಿರುಚಿದೆ. ಬೀದಿಗೆಲ್ಲಾ ಕೇಳಿರಬೇಕು. "ಆ ಲಾರಿ ನಿಲ್ಲದಿದ್ರೆ? ಆಗ ಯಾವ ಹೊಲಿಗೆ ತೋರಿಸ್ತಿದ್ದೆ?"

ಅವನು ತಲೆ ತಗ್ಗಿಸಿ ಇಳಿದು ಹೋದ.

ಅವನು ಮಾಡಿದ್ದು ದ್ರೋಹವೇ. ಹೊಲಿಗೆ ಮೇಲಿದ್ದರೂ ದ್ರೋಹ, ಕೆಳಗಿದ್ದರೂ ದ್ರೋಹ. ನಾನು ಹೇಳಿದ್ದರಲ್ಲಿ ಒಂದಕ್ಷರ ಹಿಂದೆ ತಗೊಳ್ಳುವುದಿಲ್ಲ.

ಇಷ್ಟು ಬರೆದು ಪೆನ್ನು ಮುಚ್ಚಿದೆ. ಮತ್ತೆ ತೆಗೆದೆ.

ಇದನ್ನು ಯಾರೂ ಓದುವುದಿಲ್ಲ. ಬರೆಯಬಹುದು.

ಆವತ್ತು ನನ್ನ ಹೆಬ್ಬೆರಳಿಗೆ ಹೊಲಿಗೆಯ ಗಂಟು ತಾಗಿತ್ತು. ಎರಡು. ಒಂದರ ಪಕ್ಕ ಒಂದು. ಬೆರಳು ಅಲ್ಲಿ ನಿಂತಿತು ಕೂಡ. ಆಲಿಯಾ ಆಗಲೇ ಸ್ಟೀರಿಂಗ್ ಹಿಡಿದು ಕೂತಿದ್ದಳು. ಜೈನಾಬಿ ಮಿಠಾಯಿ ಡಬ್ಬಿ ತೆಗೆದಿದ್ದಳು. ರೇವಣ್ಣ ಫೋಟೊ ತೆಗೆಯುತ್ತಿದ್ದ, ಇತ್ತ ನೋಡೋ ಗೌಸೂ ಅಂದ. ಕಂಪನಿಯದೇ ಜೋಡಣೆ ಇರಬೇಕು ಅಂದುಕೊಂಡೆ. ಯಾವ ಕಂಪನಿ ದಾರದಲ್ಲಿ ಹೊಲಿಯುತ್ತೆ? ಆಗಲೂ ಗೊತ್ತಿತ್ತು ನನಗೆ. ಬಗ್ಗಿ ನೋಡಿದ್ದರೆ ಆ ದಿನ ಕೆಡುತ್ತಿತ್ತು. ಕೈ ತೆಗೆದೆ. ಬಾಗಿಲು ಹಾಕಿದೆ. ಧಪ್ ಅಂತು. ಫೋಟೊದಲ್ಲಿ ಎಲ್ಲರಿಗಿಂತ ದೊಡ್ಡದಾಗಿ ನಗುತ್ತಿರುವವನು ನಾನೇ.

ಕಿಟಕಿಯಿಂದ ಕಾಣುತ್ತಾನೆ. ಹಮ್ಜಾ ಇನ್ನೂ ಹೋಗಿಲ್ಲ. ಸ್ಕೂಟರಿನ ಪಕ್ಕ ನಿಂತಿದ್ದಾನೆ. ಆಲಿಯಾ ಲೋಟದಲ್ಲಿ ನೀರು ಕೊಡುತ್ತಿದ್ದಾಳೆ. ಕುಡಿದು ಹೊರಡುತ್ತಾನೆ. ಅಷ್ಟರೊಳಗೆ ಇಳಿದು ಹೋಗಿ ಇಬ್ಬರ ಮುಂದೆಯೂ ಹೇಳಬೇಕು, ಆವತ್ತು ನನ್ನ ಕೈಗೂ ತಾಗಿತ್ತು ಅಂತ. ಲೋಟ ವಾಪಸ್ ಕೊಟ್ಟ, ಇಳಿಯುತ್ತೇನೆ.