ಮುತ್ತಿನ ಹಾರದ ಕಳ್ಳಿ

ಮಗಳೇ,

ದೇವರ ದೀಪ ಹಚ್ಚಿದ್ದೇನೆ, ಎಣ್ಣೆ ನೋಡಿಕೋ. ಹಾಲು ಕಾಯಿಸಿಲ್ಲ.

ನಿನ್ನ ಸೋದರತ್ತೆಗೆ ಓದಿ ಹೇಳಲು ಅವಳ ಪ್ರೇಮಕಾದಂಬರಿಯನ್ನು ಆಸ್ಪತ್ರೆಗೆ ಒಯ್ದಿದ್ದೇನೆ. ಅದರ ನಾಯಕ ಡ್ಯೂಕನ ಪ್ರಣಯನಿವೇದನೆಯನ್ನು ನಾನು ಸ್ತೋತ್ರದ ಧಾಟಿಯಲ್ಲಿ ಓದಿದರೆ ನರ್ಸುಗಳೂ ನಗುತ್ತಾರೆ. ಯಾರೂ ಇಣುಕದಿರಲೆಂದು ಕೊನೆಯ ಪುಟಗಳಿಗೆ ಪಿನ್ನು ಚುಚ್ಚಿಟ್ಟಿದ್ದ ಅತ್ತೆ ನಿನ್ನೆ ತಾನೇ ಅದನ್ನು ತೆಗೆದಳು.

"ಅಣ್ಣಾ, ಹಾರ ಕದ್ದಿದ್ದು ಡ್ಯೂಕನ ಚಿಕ್ಕಮ್ಮನೇ, ಪಂಥ ಕಟ್ತೀನಿ! ನಾಳೆನೇ ಓದಿ ಮುಗಿಸ್ಬಿಡು, ಆಮೇಲೆ ನಂಗೆ ಪುರುಸೊತ್ತಿರಲ್ಲ" ಎಂದಳು. ಉಳಿದ ಕಾಲ ಸ್ವಲ್ಪವೆಂದು ವೈದ್ಯರೂ ಹೇಳಿದ್ದಾರೆ.

ಬೆಳಿಗ್ಗೆ ಕೊನೆಯ ಪುಟ ನೋಡಿದೆ. ಕದ್ದವಳು ಚಿಕ್ಕಮ್ಮನಲ್ಲ. ಯಾವ ಗ್ರಂಥದಲ್ಲೂ ಒಂದಕ್ಷರವನ್ನೂ ಬದಲಿಸಿ ಓದದ ನಾನು ಇಂದು ಚಿಕ್ಕಮ್ಮನೇ ಕಳ್ಳಿಯೆಂದು ಓದುತ್ತೇನೆ.

ಆಸ್ಪತ್ರೆಗೆ ಬೇಗ ಬಾ. ನೀನು ಅದನ್ನು ಹಿಂದೆಯೇ ಓದಿದವಳು, ನನ್ನನ್ನು ತಿದ್ದಬೇಡ.

ಅಪ್ಪ