ಶಿವದೇವಿಯ ಇಷ್ಟಲಿಂಗ

ಫೆಬ್ರವರಿ 11, ಭಾನುವಾರ. ಬೆಳಗ್ಗೆ

ಸ್ನಾನ ಆಯಿತು. ವಿಭೂತಿ ಹಚ್ಚಿಕೊಂಡು, ಬಾಗಿಲು ಹಾಕಿ ಪೂಜೆಗೆ ಕೂತೆ. ಎಡಗೈ ಚಾಚಿದೆ. ಅಂಗೈಯಲ್ಲಿ ಏನೂ ಇಲ್ಲ. ಸ್ವಲ್ಪ ಹೊತ್ತು ಹಾಗೇ ಕೂತು ಎದ್ದು ಬಂದೆ. ಬರೀ ನಾಟಕ.

"ಅಪ್ಪಾ, ಪೂಜಾ ಆತೇನ್ರಿ?" ಮಗ ಶಾಂತಕುಮಾರ, ಪೇಪರ್ ಹಿಂದಿನಿಂದ.

"ಆತು."

ಸೊಸೆ ಗುಣವತಿ ಉಪ್ಪಿಟ್ಟು ತಂದಿಟ್ಟಳು. ಎರಡು ಚಮಚ ತಿಂದು ತಟ್ಟೆ ಸರಿಸಿದೆ.

ನಾನೇನು ಭಾರಿ ಭಕ್ತನಲ್ಲ. ಭಕ್ತಿಯೆಲ್ಲ ಹೆಂಡತಿ ಶಿವದೇವಿಯ ಪಾಲಿಗೆ ಬಿಟ್ಟಿದ್ದೆ. ಲಿಂಗಪೂಜೆ ಆಗದೆ ಅವಳು ಹನಿ ನೀರು ಕುಡಿದವಳಲ್ಲ. ನಾನೋ, ಚಹಾ ಮುಗಿಸಿ, ಬೇಗಂ ಬಜಾರಿನ ಅಂಗಡಿಗೆ ಹೊತ್ತಾಯಿತು ಅಂತ ಗಡಬಡಿಸಿ ಮುಗಿಸುವವ. "ದೇವರನ್ನೂ ಗಿರಾಕಿ ಹಂಗ ಸಾಗಹಾಕ್ತೀರಲ್ರೀ" ಎಂದು ಬೈಯುತ್ತಿದ್ದಳು. ಈಗ ಕೊರಳು ಬರಿದಾದ ಮೇಲೆ ತುತ್ತು ಇಳಿಯುತ್ತಿಲ್ಲ. ಯಾರಿಗೆ ಹೇಳಲಿ?

ಮಧ್ಯಾಹ್ನ

ಬರೆದೇ ಬಿಡುತ್ತೇನೆ. ಅವಳನ್ನು ಮಣ್ಣು ಮಾಡಿದ ದಿನ. ಕುಣಿಯಲ್ಲಿ ಕೂರಿಸಿ ಆಗಿತ್ತು. ಅಯ್ಯನವರು "ಲಿಂಗ ಕೊಡ್ರಿ, ತಾಯಿ ಕೈಯಾಗ ಇಡಬೇಕು" ಅಂದರು. ಒಬ್ಬರ ಮುಖ ಒಬ್ಬರು ನೋಡಿದೆವು. ಆಪರೇಷನ್‌ಗೆ ಒಯ್ಯುವಾಗ ಆಸ್ಪತ್ರೆಯಲ್ಲಿ ಕೊರಳಿಂದ ತೆಗೆಸಿದ್ದರು. ಆಮೇಲೆ ಎಲ್ಲಿ ಹೋಯಿತೋ... ಆ ಗದ್ದಲದಲ್ಲಿ ಯಾರಿಗೆ ನೆನಪು?

ಇಷ್ಟಲಿಂಗ ಅವರವರದ್ದು ಅವರವರಿಗೆ. ದೀಕ್ಷೆಯ ದಿನ ಬಂದದ್ದು ಮಣ್ಣಿನವರೆಗೂ ಜೊತೆಗೆ ಹೋಗಬೇಕು. ಅವಳನ್ನು ಬರಿಗೈಯಲ್ಲಿ ಕಳಿಸುವುದೇ? ಆ ಕಡೆ ತಿರುಗಿ, ಅಂಗಿಯೊಳಗಿಂದ ನನ್ನದನ್ನು ತೆಗೆದೆ. "ಕಿಸೆದಾಗ ಇಟ್ಕೊಂಡಿದ್ದೆ, ತಗೋರಿ" ಎಂದೆ.

ಯಾರಿಗೂ ಅನುಮಾನ ಬರಲಿಲ್ಲ.

ಫೆಬ್ರವರಿ 14, ಬುಧವಾರ

ಅಹಲ್ಯಾ ಬಂದಿದ್ದಳು. ಶಿವದೇವಿ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದ ಹಳೇ ವಿದ್ಯಾರ್ಥಿನಿ, ಬೀದರ ಕಡೆಯವಳು. ಈಗ ಗಚ್ಚಿಬೌಲಿಯಲ್ಲಿ ಯಾವುದೋ ಲ್ಯಾಬ್‌ನಲ್ಲಿದ್ದಾಳೆ. ಅಳುತ್ತಲೇ ಬಂದಳು, ಮಾತಿಗೆ ಕೂತ ಮೇಲೆ ನಗಿಸಿದಳು.

"ಪ್ರಾಕ್ಟಿಕಲ್ ದಿನ ಮೇಡಂ ಲಿಂಗದ ಕರಡಿಗಿ ಸೆರಗಿನೊಳಗ ಸಿಗಿಸ್ಕೊಂಡು ಕಪ್ಪಿ ಕೊಯ್ತಿದ್ರು ಸರ್. ಒಬ್ಬ ಹುಡುಗ, ದೇವರು ಎಲ್ಲಿದಾನ, ಕೊಯ್ದು ತೋರಸ್ರಿ ಅಂದ. ಇವತ್ತಿನ ಸಿಲಬಸ್‌ನ್ಯಾಗ ಹೃದಯ ಐತಿ, ಅದನ್ನ ತೋರಸ್ತೀನಿ, ಆ ಪಾಠ ನೀ ಮನ್ಯಾಗ ಓದ್ಕೋ ಅಂದ್ರು!"

ಎಷ್ಟೋ ದಿನದ ಮೇಲೆ ನಕ್ಕೆ.

ಕಪ್ಪೆ ಕೊಯ್ದ ದಿನ ನಮ್ಮವ್ವ ಅವಳನ್ನು ಅಡುಗೆಮನೆಗೆ ಬಿಡುತ್ತಿರಲಿಲ್ಲ. ಕಾಲೇಜಿಂದ ಬಂದು ತಲೆ ಮೇಲೆ ನೀರು ಸುರಿದುಕೊಂಡು, ಮತ್ತೊಮ್ಮೆ ಪೂಜೆ ಮಾಡಿ, ಆಮೇಲೆ ಮನೆ ಮಂದಿಗೆಲ್ಲ ರೊಟ್ಟಿ ಬಡಿಯುತ್ತಿದ್ದಳು. ಕೊನೆಗೆ ಹಾಸಿಗೆ ಹಿಡಿದ ಅವ್ವನ ಮೈ ತೊಳೆದವಳೂ ಅವಳೇ.

ರಿಟೈರ್ ಆದ ಮೇಲೆ ಮೊಮ್ಮಗಳು ಸೌಂದರ್ಯಾ ಒಬ್ಬಳೇ ಕ್ಲಾಸು. ಪೂಜೆಯ ಬುಟ್ಟಿಯಿಂದ ದಾಸವಾಳ ತೆಗೆದು, ಉಗುರಿನಿಂದ ಸೀಳಿ, ಪರಾಗ ಇಲ್ಲಿ, ಅಂಡಾಶಯ ಇಲ್ಲಿ ಎಂದು ತೋರಿಸುವಳು. ಸೀಳಿದ ಹೂವನ್ನೇ ಲಿಂಗಕ್ಕೆ ಏರಿಸುವಳು. ನಾನು ತಕರಾರು ತೆಗೆದರೆ, "ಅವನ ಮಾಡಿದ್ದಲ್ರೀ, ಒಳಗ ನೋಡಿದ್ರ ಸಿಟ್ಟಾಗ್ತಾನೇನು?"

ಫೆಬ್ರವರಿ 19, ಸೋಮವಾರ

ಸಿಕ್ಕಿತು.

ಗುಣವತಿ ಆಸ್ಪತ್ರೆಯ ಬ್ಯಾಗು ಖಾಲಿ ಮಾಡುತ್ತಿದ್ದಳು. ಸ್ಕ್ಯಾನ್ ಫೋಟೋಗಳ ನಡುವೆ ಒಂದು ಪ್ಲಾಸ್ಟಿಕ್ ಕವರು. ಒಳಗೆ ಬಳೆ, ಕಾಲುಂಗುರ, ಲಿಂಗವಿದ್ದ ಬೆಳ್ಳಿ ಕರಡಿಗೆ. ಓಡಿ ಬಂದಳು.

"ಮಾವಾರ, ಇದು ಅತ್ತಿಯವರದ ಅಲ್ಲೇನ್ರಿ? ಮತ್ತ ಅವತ್ತ ಕೈಯಾಗ ಇಟ್ಟಿದ್ದು ಯಾರದ್ರಿ?"

ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೆ. ಅವಳ ಕಣ್ಣು ನನ್ನ ಕಾಲರ್ ಮೇಲೆ ಹೋಯಿತು.

"ಅಯ್ಯ ಶಿವನ! ಇಷ್ಟ ದಿನ ಬರೇ ಕೊರಳಾಗ ಅದೀರೇನ್ರಿ?"

"ಯಾರ ಮುಂದೂ ಹೇಳಬ್ಯಾಡವಾ" ಎಂದೆ. ಇಲ್ಲ ಅಂದಳು. ಸಂಜೆಯೊಳಗೆ ಕಲಬುರಗಿಯಿಂದ ಅಕ್ಕ ಪಾರ್ವತೆಮ್ಮನ ಫೋನ್!

ಫೆಬ್ರವರಿ 21, ಬುಧವಾರ

ಎಲ್ಲ ತೀರ್ಮಾನ ಆಗಿದೆ. ನನ್ನನ್ನು ಕೇಳಿದವರಿಲ್ಲ. "ಸತ್ತವರದ್ದು ಇದ್ದವರು ಕಟ್ಕೊಬಾರದು. ಅಕೀದು ಹೊಳಿಗೆ ಬಿಡು, ಮಠಕ್ಕ ಹೋಗಿ ಹೊಸಾದು ಕಟ್ಟಿಸ್ಕೊ" ಅಂತ ಅಕ್ಕ. ಅಯ್ಯನವರದ್ದೂ ಅದೇ ಮಾತು. ಶುಕ್ರವಾರ ಕೃಷ್ಣಾ ಹೊಳೆಗೆ ಶಾಂತಕುಮಾರ ಗಾಡಿ ಬುಕ್ ಮಾಡಿದ್ದಾನೆ. ಎಲ್ಲರಿಗೂ ನಿರಾಳ.

ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬಾಲ್ಕನಿ, ಅಡುಗೆಮನೆ, ಮತ್ತೆ ಬಾಲ್ಕನಿ. ಮಿಯಾಪುರ ಮೆಟ್ರೋವರೆಗೆ ನಡೆದು ಹೋದೆ. ಜನ ಇಳಿಯುವುದನ್ನು ನೋಡುತ್ತ ನಿಂತು, ಬಂದುಬಿಟ್ಟೆ. ಯಾಕೆ ಹೋದೆನೋ ಗೊತ್ತಿಲ್ಲ.

ತಪ್ಪು ಮಾಡಿದೆನೇ? ಬರಿಗೈ ಬೇಡ ಅಂತ ಕೊಟ್ಟದ್ದು. ಆದರೆ ಅವಳು ಕಟ್ಟುನಿಟ್ಟಿನವಳು, ನಂದಲ್ಲದ್ದು ಯಾಕೆ ಕೊಟ್ರಿ ಅಂತ ಬೈಯುತ್ತಿದ್ದಳೇನೋ. ಬೈಯಲಿ. ಬಂದು ಬೈಯಲಿ! ನನಗೆ ಶಾಸ್ತ್ರ ಬೇಡ, ಅವಳು ಬೇಕು. ಅವಳ ಎದೆಯ ಮೇಲಿದ್ದದ್ದು ಇದೊಂದು ಉಳಿದಿದೆ. ಇದನ್ನೂ ಹೊಳೆಗೆ ಬಿಟ್ಟು ಮನೆಗೆ ಬಂದು ಏನು ಮಾಡಲಿ?

ಫೆಬ್ರವರಿ 23, ಶುಕ್ರವಾರ. ಬೆಳಗ್ಗೆ 6

ಗಾಡಿ ಬಂದು ಗೇಟಿನಲ್ಲಿ ನಿಂತಿತ್ತು. ಅಕ್ಕ ಸ್ಪೀಕರ್ ಫೋನಿನಲ್ಲಿ — ಬಿಲ್ವಪತ್ರಿ ತಗೊಂಡ್ರೇನು, ಹೂ ತಗೊಂಡ್ರೇನು.

"ಅಕ್ಕಾ, ನಾ ಹೋಗಂಗಿಲ್ಲ. ಹೊಳಿಗೆ ಬಿಡಂಗಿಲ್ಲ."

"ಹುಚ್ಚ ಹಿಡದೈತೇನು ಅಮರೇಶಾ?"

"ಅಕಿ ನಂದು ತಗೊಂಡು ಹೋಗ್ಯಾಳ. ನನಗ ಅಕೀದು ಇರಲಿ. ನಾ ಹೋದಾಗ ಇದನ್ನ ನನ್ನ ಕೈಯಾಗ ಇಡ್ರಿ. ಹೊಸಾದು ಒಲ್ಲೆ."

ದನಿ ಏರಿತ್ತು. ಗುಣವತಿ ಸೆರಗು ಬಾಯಿಗೆ ಹಿಡಿದಳು. ಶಾಂತಕುಮಾರ ನನ್ನನ್ನೇ ನೋಡುತ್ತಿದ್ದ. ಆಮೇಲೆ ಡ್ರೈವರ್‌ನನ್ನು ಕಳಿಸಿ ಬರಲು ಕೆಳಗೆ ಹೋದ.

ಲೈನ್ ಕಟ್ಟಾಯಿತು ಅಂದುಕೊಂಡೆ. ಅಕ್ಕ ಅಲ್ಲೇ ಇದ್ದಳು. "ಹಂಗಾದ್ರ ಜಳಕಾ ಮಾಡಿ ಕಟ್ಕೊಪಾ. ಹೊಟ್ಟಿಗೆ ಏನರ ತಿನ್ನು" ಅಂದಳು. ಅಳುತ್ತಿದ್ದಳು.

ಅದೇ ದಿನ, 7.30

ಜಳಕ ಆಯಿತು. ಕರಡಿಗೆಯ ದಾರ ಗಿಡ್ಡ. ಅವಳ ಅಳತೆಯದು. ಗಂಟು ಅವಳೇ ಹಾಕಿದ್ದು, ಬಿಚ್ಚಲು ಮನಸ್ಸಿಲ್ಲ. ತಲೆ ತೂರಿಸಿದೆ. ಕನ್ನಡಕ ಅಡ್ಡ ಬಂತು, ತೆಗೆದಿಟ್ಟೆ. ಅಕ್ಷರ ಕಾಣುತ್ತಿಲ್ಲ, ಸಾಲು ಸೊಟ್ಟ ಹೋಗಿರಬೇಕು. ದಾರ ಕಿವಿಯ ಮೇಲೆ ಸಿಕ್ಕಿಕೊಂಡಿದೆ. ಮೂಗಿನ ಹತ್ತಿರ ಅವಳ ವಿಭೂತಿಯ ವಾಸನೆ. ಇನ್ನೊಂದು ಚೂರು ಎಳೆದರೆ ಕೊರಳಿಗೆ ಇಳಿದೀತು —